ಕೊಳವೆಗೂ ಒಂದು ಕೋಡಿ: ವಿಜಯಪುರದ ನೀರಿನ ಗಂಜ್‌ಗಳು

ಮಕ್ಕಳನ್ನು ವಿಜಯಪುರಕ್ಕೆ ಪ್ರವಾಸ ಕರೆದೊಯ್ಯುವ ವಿಜ್ಞಾನ ಶಿಕ್ಷಕರು ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಧ್ವನಿಯ ಪ್ರತಿಫಲನವನ್ನು ವಿವರಿಸದೆ ಹಿಂದಿರುಗುವುದಿಲ್ಲ. ಅದು ಸಹಜವೇ. ಆದರೆ ಅದೇ ಊರಿನಲ್ಲಿ ಭೌತವಿಜ್ಞಾನದ ಇನ್ನೊಂದು ಪಾಠ ಯಾರ ಗಮನಕ್ಕೂ ಬೀಳದೆ ನಿಂತಿದೆ. ಅಲ್ಲಲ್ಲಿ ಕಾಣುವ, ಕಲ್ಲು ಮತ್ತು ಗಾರೆಯಿಂದ ಕಟ್ಟಿದ ಚೌಕಾಕಾರದ ಎತ್ತರದ ಗೋಪುರಗಳೇ ಆ ಪಾಠ. ಇವಕ್ಕೆ ಗಂಜ್ ಎಂದು ಹೆಸರು. ಇವು ಕಾವಲು ಗೋಪುರಗಳಲ್ಲ, ಸಮಾಧಿಗಳೂ ಅಲ್ಲ. ಆದಿಲ್‌ಶಾಹಿ ಕಾಲದ ನೀರು ಸರಬರಾಜು ವ್ಯವಸ್ಥೆಯ ಭಾಗಗಳು.

ಈ ಗೋಪುರಗಳನ್ನು ಕುರಿತ ಬರಹಗಳೆಲ್ಲ ಒಂದು ಮಾತನ್ನು ಹೇಳುತ್ತವೆ: ಕೊಳವೆಗಳು ಒಡೆಯದಂತೆ ನೀರಿನ ಒತ್ತಡವನ್ನು ಕಡಿಮೆ ಮಾಡಲು ಇವನ್ನು ಕಟ್ಟಲಾಯಿತು. ಮಾತು ನಿಜ. ಆದರೆ ಇದನ್ನು ಓದಿದ ಜಾಣ ವಿದ್ಯಾರ್ಥಿ ಕೂಡಲೇ ಒಂದು ಪ್ರಶ್ನೆ ಕೇಳಬಹುದು. ನಮ್ಮ ಊರುಗಳಲ್ಲಿ ನೀರಿನ ಟ್ಯಾಂಕನ್ನು ಎತ್ತರದ ಕಂಬಗಳ ಮೇಲೆ ಕಟ್ಟುವುದು ನಲ್ಲಿಗಳಲ್ಲಿ ಒತ್ತಡ ಹೆಚ್ಚಲಿ ಎಂದು. ಹಾಗಿರುವಾಗ ನೀರನ್ನು ಗೋಪುರದ ತುದಿಗೆ ಏರಿಸಿದರೆ ಒತ್ತಡ ಕಡಿಮೆಯಾಗುವುದು ಹೇಗೆ? ಒಂದೇ ಆಕಾರದ ಎರಡು ರಚನೆಗಳು ಎರಡು ವಿರುದ್ಧ ಕೆಲಸಗಳನ್ನು ಮಾಡಬಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ನದಿಯಿಲ್ಲದ ರಾಜಧಾನಿ

ನಮ್ಮ ಕರಾವಳಿಯ ಬಾರಕೂರಿನಂತಹ ಹಳೆಯ ಪಟ್ಟಣಕ್ಕೆ ಸೀತಾನದಿ ಪಕ್ಕದಲ್ಲೇ ಇತ್ತು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ವಿಜಯಪುರದ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿನ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ ನದಿಗಳಿದ್ದರೂ ಎರಡೂ ಹತ್ತಾರು ಕಿಲೋಮೀಟರ್ ದೂರ. ನೆಲದಡಿ ಇರುವುದು ದಖ್ಖನ್ನಿನ ಕಪ್ಪುಶಿಲೆ, ಅಂದರೆ ಬಸಾಲ್ಟ್. ಲಾವಾ ಪದರಪದರವಾಗಿ ಹರಿದು ಗಟ್ಟಿಯಾದ ಈ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಎರಡು ಪದರಗಳ ನಡುವಿನ ಶಿಥಿಲವಾದ ಭಾಗಗಳಲ್ಲಿ ಮಾತ್ರ. ಎಲ್ಲಿ ಅಗೆದರೂ ನೀರು ಸಿಗುತ್ತದೆಂಬ ಭರವಸೆ ಇಲ್ಲ.

ಇಂತಹ ನೆಲದಲ್ಲಿ 1490ರ ಸುಮಾರಿನಿಂದ 1686ರವರೆಗೆ ಆದಿಲ್‌ಶಾಹಿ ಅರಸರ ರಾಜಧಾನಿ ಬೆಳೆಯಿತು. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, 1565ರಲ್ಲಿ, ನಗರದ ಸುತ್ತಲಿನ ಕೋಟೆ ಪೂರ್ಣಗೊಂಡಿತು. ಅದರ ಸುತ್ತಳತೆ ಸುಮಾರು 10 ಕಿ.ಮೀ. ಗೋಡೆಯುದ್ದಕ್ಕೂ 96 ಕೊತ್ತಳಗಳು, ಹೊರಗೆ ಕಂದಕ, ಒಳಗೆ ಅರಕಿಲ್ಲೆ ಎಂದು ಕರೆಯುವ ಒಳಕೋಟೆ. ಗೋಡೆ ಶತ್ರುವನ್ನು ತಡೆಯಬಲ್ಲದು, ಬಾಯಾರಿಕೆಯನ್ನು ತಡೆಯಲಾರದು. ಕೋಟೆಯೊಳಗಿನ ಜನ, ಸೈನ್ಯ, ಆನೆ, ಕುದುರೆ, ಮಸೀದಿಗಳ ಕೊಳ, ಅರಮನೆಯ ಕಾರಂಜಿ ಎಲ್ಲಕ್ಕೂ ನೀರು ಬೇಕು.

ನೀರು ಇಲ್ಲಿ ಯುದ್ಧದ ಆಯುಧವೂ ಆಗಿತ್ತು. 1665ರ ಕೊನೆಯಲ್ಲಿ ಮೊಘಲ್ ಸೇನಾಪತಿ ಮಿರ್ಜಾ ರಾಜಾ ಜಯಸಿಂಗ್ ಕೋಟೆಯ ಸಮೀಪಕ್ಕೆ ಬಂದಾಗ, ವಿಜಯಪುರದವರು ಸುತ್ತಲಿನ ಕೆರೆಗಳನ್ನು ಬರಿದು ಮಾಡಿ ಬಾವಿಗಳನ್ನು ಮುಚ್ಚಿಬಿಟ್ಟರು. ನೀರು, ಮೇವುಗಳಿಲ್ಲದೆ ಮೊಘಲ್ ಸೇನೆ 1666ರ ಜನವರಿಯಲ್ಲಿ ಹಿಂದಕ್ಕೆ ಸರಿಯಬೇಕಾಯಿತು. ಹೊರಗಿನ ನೀರನ್ನು ತಾವೇ ನಾಶಪಡಿಸುವ ಧೈರ್ಯ ಅವರಿಗೆ ಬಂದದ್ದು ಗೋಡೆಯ ಒಳಗೆ ನೀರಿನ ಸಂಗ್ರಹ ಇದ್ದುದರಿಂದ. ಹೊರಗಿನಿಂದ ಹರಿದುಬರುವ ನೀರು ಮತ್ತು ಒಳಗೆ ಕೂಡಿಟ್ಟ ನೀರು, ಈ ಎರಡರ ಮೇಲೆ ನಗರದ ಬದುಕು ನಿಂತಿತ್ತು.

ತೊರವಿಯ ಸುರಂಗ

ತೊರವೆ ರಾಮಾಯಣದ ಹೆಸರಿನಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ತೊರವಿ ಗ್ರಾಮ ನಗರದ ಪಶ್ಚಿಮಕ್ಕೆ ಐದಾರು ಕಿ.ಮೀ. ದೂರದಲ್ಲಿದೆ. ನಗರಕ್ಕೆ ಮೊದಲ ದೊಡ್ಡ ಪ್ರಮಾಣದ ನೀರು ಬಂದದ್ದು ಈ ಕಡೆಯಿಂದ. ಅಲ್ಲಿನ ಸುರಂಗ ಬಾವಡಿಯಿಂದ ನೆಲದಡಿಯ ಕಾಲುವೆಯೊಂದು ನಗರದತ್ತ ಹೊರಡುತ್ತದೆ. ಇಂತಹ ಕಾಲುವೆಯನ್ನು ಕರೇಜ್ ಎನ್ನುತ್ತಾರೆ. ಇದರ ಮೂಲ ಇರಾನ್.

ಕರೇಜ್‌ನ ತತ್ತ್ವ ಸರಳ. ಎತ್ತರದ ಪ್ರದೇಶದ ಅಂತರ್ಜಲವನ್ನು ಮೇಲಿನಿಂದ ಸೇದುವ ಬದಲು, ಅದೇ ಮಟ್ಟದಿಂದ ಅತಿ ಕಡಿಮೆ ಇಳಿಜಾರಿನ ಸುರಂಗ ಕೊರೆದರೆ ನೀರು ತಾನಾಗಿಯೇ ತಗ್ಗಿನ ಕಡೆಗೆ ಹರಿಯುತ್ತದೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ನೆಲದ ಮೇಲಿನಿಂದ ಬಾವಿಯಂತಹ ನೇರ ಕಂಡಿಗಳಿರುತ್ತವೆ. ಅಗೆಯುವಾಗ ಮಣ್ಣು ಹೊರಹಾಕಲು, ಕೆಲಸಗಾರರಿಗೆ ಗಾಳಿ ಸಿಗಲು, ಮುಂದೆ ಹೂಳು ತೆಗೆಯಲು ಇವು ಬೇಕು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಹರಿದು ತಳವನ್ನು ಕೊರೆಯುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಸಾವಿರ ಮೀಟರ್ ಉದ್ದಕ್ಕೆ ಒಂದೆರಡು ಮೀಟರ್ ಇಳಿಯುವಂತೆ ನೆಲದಡಿ, ದೀಪದ ಬೆಳಕಿನಲ್ಲಿ ಮಟ್ಟ ಹಿಡಿಯುವುದು ಸಾಮಾನ್ಯ ಕೌಶಲವಲ್ಲ.

ಬೀದರಿನ ನೌಬಾದ್‌ನಲ್ಲಿಯೂ ಇಂತಹ ಕರೇಜ್ ಇದೆ. ಅಲ್ಲಿ ಮೇಲಿನ ಜಂಬಿಟ್ಟಿಗೆಯ ಪದರದಲ್ಲಿ ಇಂಗಿದ ನೀರು ಕೆಳಗಿನ ಕಪ್ಪುಶಿಲೆಯ ಮೇಲೆ ನಿಂತು ಸುರಂಗಕ್ಕೆ ಬರುತ್ತದೆ. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಸುರಂಗ ಕೊರೆದು ತೋಟಕ್ಕೆ ನೀರು ತರುವ ಕ್ರಮವನ್ನು ಕಂಡವರಿಗೆ ಈ ತತ್ತ್ವ ಹೊಸದೆನಿಸದು. ಅಲ್ಲಿ ಒಂದು ಮನೆಯ ತೋಟಕ್ಕೆ ಆಗುವ ಕೆಲಸ ಇಲ್ಲಿ ಒಂದು ನಗರಕ್ಕೆ ಆಯಿತು.

ಕರೇಜ್‌ನಲ್ಲಿ ಒತ್ತಡದ ಸಮಸ್ಯೆ ಇಲ್ಲ ಎನ್ನುವುದನ್ನು ಗಮನಿಸಬೇಕು. ಸುರಂಗ ಪೂರ್ತಿ ತುಂಬಿರುವುದಿಲ್ಲ. ನೀರಿನ ಮೇಲ್ಮೈ ಗಾಳಿಗೆ ತೆರೆದಿರುತ್ತದೆ. ಅದು ನೆಲದಡಿಯ ಒಂದು ತೊರೆ ಅಷ್ಟೆ. ಸಮಸ್ಯೆ ಹುಟ್ಟುವುದು ನೀರನ್ನು ಮುಚ್ಚಿದ ಕೊಳವೆಗೆ ತುಂಬಿದಾಗ.

ಬೇಗಂ ತಲಾಬ್ ಮತ್ತು ಮಣ್ಣಿನ ಕೊಳವೆಗಳು

ನಗರ ಬೆಳೆದಂತೆ ತೊರವಿಯ ನೀರು ಸಾಲದಾಯಿತು. ಗೋಳಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆಯನ್ನು ನಿರ್ಮಿಸಿದನು. ಇದರ ವಿಸ್ತೀರ್ಣ 234 ಎಕರೆ. ಕೆರೆಯಿಂದ ನಗರದವರೆಗೆ ನೀರು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಕಲ್ಲುಗಾರೆಯ ಹೊದಿಕೆ ಕೊಟ್ಟು, 15ರಿಂದ 50 ಅಡಿಗಳಷ್ಟು, ಅಂದರೆ 4.5ರಿಂದ 15 ಮೀ.ಗಳಷ್ಟು ಆಳದಲ್ಲಿ ಹೂಳಲಾಗಿತ್ತು. ಒಳಕೋಟೆಯ ಅಂಚಿನಲ್ಲಿರುವ ಅಸರ್ ಮಹಲಿನ ಮುಂದಿನ ಕೊಳಕ್ಕೂ ಇದೇ ಕೆರೆಯ ನೀರು ಬರುತ್ತಿತ್ತು.

ತೆರೆದ ಕಾಲುವೆ ಬಿಟ್ಟು ಕೊಳವೆಯೇ ಏಕೆ? ಮೊದಲ ಕಾರಣ ಆವಿಯಾಗುವಿಕೆ. 234 ಎಕರೆ ಎಂದರೆ ಸುಮಾರು 9.47 ಲಕ್ಷ ಚದರ ಮೀ. ಈ ಮೇಲ್ಮೈಯಿಂದ ಕೇವಲ ಒಂದು ಸೆಂ.ಮೀ. ನೀರು ಆವಿಯಾದರೂ ನಷ್ಟ ಸುಮಾರು 95 ಲಕ್ಷ ಲೀಟರ್. ಬಯಲುಸೀಮೆಯ ಬೇಸಗೆಯಲ್ಲಿ ಇಷ್ಟು ನೀರು ಎರಡು ದಿನಗಳೊಳಗೆ ಹೋಗಿಬಿಡಬಲ್ಲದು. ಕೆರೆಯಲ್ಲಿ ಆಗುವ ಈ ನಷ್ಟವನ್ನು ತಡೆಯಲಾಗದಿದ್ದರೂ ದಾರಿಯಲ್ಲಿ ಆಗುವ ನಷ್ಟವನ್ನು ತಡೆಯಬಹುದು. ಎರಡನೆಯ ಕಾರಣ ಶುಚಿತ್ವ, ಮೂರನೆಯದು ಭದ್ರತೆ. ಹೂತ ಕೊಳವೆಯನ್ನು ಶತ್ರು ಸುಲಭವಾಗಿ ಕಾಣಲಾರ.

ಆದರೆ ಕೊಳವೆಗೆ ಒಂದು ತೊಡಕಿದೆ. ನಿಂತ ದ್ರವದಲ್ಲಿ ಒತ್ತಡಕ್ಕೆ ಸೂತ್ರ ನಮಗೆ ತಿಳಿದಿದೆ.

ಒತ್ತಡ = ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ತೆರೆದ ಮೇಲ್ಮೈಯಿಂದ ಇರುವ ಆಳ

ನೀರಿನ ಸಾಂದ್ರತೆ ಘನ ಮೀಟರಿಗೆ 1,000 ಕಿ.ಗ್ರಾಂ., ಗುರುತ್ವ ವೇಗೋತ್ಕರ್ಷ 9.8. ಆದ್ದರಿಂದ ಪ್ರತಿ 10 ಮೀ. ಆಳಕ್ಕೆ 98,000 ಪ್ಯಾಸ್ಕಲ್, ಅಂದರೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಇಲ್ಲಿ ಕೊಳವೆಯ ಉದ್ದ, ಅಗಲ, ಓರೆಕೋರೆ ಯಾವುದೂ ಲೆಕ್ಕಕ್ಕಿಲ್ಲ. ಎಣಿಕೆಗೆ ಬರುವುದು ತೆರೆದ ಮೇಲ್ಮೈಯ ಎತ್ತರವೊಂದೇ. ಈ ಮಾತನ್ನು ನೆನಪಿನಲ್ಲಿಡಿ. ಗಂಜ್‌ನ ಗುಟ್ಟು ಇರುವುದು ಇಲ್ಲೇ.

ಲೆಕ್ಕಕ್ಕಾಗಿ 15 ಸೆಂ.ಮೀ. ಒಳವ್ಯಾಸ ಮತ್ತು 1.5 ಸೆಂ.ಮೀ. ದಪ್ಪದ ಮಣ್ಣಿನ ಕೊಳವೆಯೊಂದನ್ನು ಊಹಿಸೋಣ. ಅದು ಮೂಲದ ನೀರಿನ ಮಟ್ಟಕ್ಕಿಂತ 15 ಮೀ. ಕೆಳಗಿದ್ದರೆ ಒಳಗಿನ ಒತ್ತಡ 1.47 ಲಕ್ಷ ಪ್ಯಾಸ್ಕಲ್. ಕೊಳವೆಯ ಗೋಡೆಯನ್ನು ಸೀಳಲು ಯತ್ನಿಸುವ ಎಳೆತವನ್ನು ಹೀಗೆ ಲೆಕ್ಕ ಹಾಕಬಹುದು:

ಎಳೆತ = ಒತ್ತಡ × ಒಳವ್ಯಾಸ ÷ (2 × ಗೋಡೆಯ ದಪ್ಪ)

ಉತ್ತರ ಸುಮಾರು 7.35 ಲಕ್ಷ ಪ್ಯಾಸ್ಕಲ್. ಅಂದರೆ ಒಳಗಿನ ಒತ್ತಡದ ಐದರಷ್ಟು. ಸುಟ್ಟ ಮಣ್ಣು ಅದುಮುವ ಬಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಎಳೆಯುವ ಬಲವನ್ನು ತಾಳುವ ಶಕ್ತಿ ಅದಕ್ಕೆ ಕಡಿಮೆ. ಜೋಡಣೆಗಳಲ್ಲಿ ತುಂಬಿದ ಗಾರೆಗಂತೂ ಇನ್ನೂ ಕಡಿಮೆ. ಕೊಳವೆ ತಿರುಗುವ ಕಡೆಗಳಲ್ಲಿ ಬೇರೊಂದು ಅಪಾಯ. ಮೇಲಿನ ಕೊಳವೆಯೇ ಲಂಬಕೋನದಲ್ಲಿ ತಿರುಗಿದರೆ ಆ ಮೂಲೆಯನ್ನು ಹೊರಕ್ಕೆ ತಳ್ಳುವ ಬಲ ಸುಮಾರು 3,700 ನ್ಯೂಟನ್; ಅಂದರೆ ಮುಕ್ಕಾಲು ಕ್ವಿಂಟಲಿನ ಐದು ಮೂಟೆಗಳ ತೂಕ.

ಕಲ್ಲುಗಾರೆಯ ಹೊದಿಕೆ ಮತ್ತು ಆಳವಾಗಿ ಹೂಳುವ ಕ್ರಮದ ಅರ್ಥ ಈಗ ಸ್ಪಷ್ಟ. ಹೊರಗಿನ ಮಣ್ಣಿನ ಭಾರ ಕೊಳವೆಯನ್ನು ಒಳಮುಖವಾಗಿ ಅದುಮುತ್ತದೆ. ಒಳಗಿನ ನೀರು ಹೊರಮುಖವಾಗಿ ತಳ್ಳುತ್ತದೆ. ಒಂದು ಇನ್ನೊಂದನ್ನು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ. ಮೂಲೆಗಳು ಜರುಗದಂತೆ ಹೊದಿಕೆ ಹಿಡಿದಿಡುತ್ತದೆ. ಆದರೂ ಇದಕ್ಕೊಂದು ಮಿತಿ ಇದೆ. ಒಂದು ಜೋಡಣೆ ಬಿರುಕು ಬಿಟ್ಟರೆ ಹತ್ತು ಮೀಟರ್ ಅಗೆದು ದುರಸ್ತಿ ಮಾಡಬೇಕು. ಆದ್ದರಿಂದ ಒತ್ತಡ ಮಿತಿ ಮೀರದಂತೆ ನೋಡಿಕೊಳ್ಳುವುದೇ ಜಾಣತನ.

ಗಂಜ್ ಮಾಡುವ ಕೆಲಸ

ಕುಂದಾಪುರದ ಕೋಡಿ, ಕೋಡಿಬೆಂಗ್ರೆಗಳ ಹೆಸರು ಕೇಳಿದೊಡನೆ ಕರಾವಳಿಯವರಿಗೆ ನೆನಪಾಗುವುದು ನದಿ ಕಡಲು ಸೇರುವಲ್ಲಿ ಚಾಚಿಕೊಂಡ ಮರಳಿನ ನಾಲಗೆ. ಬಯಲುಸೀಮೆಯಲ್ಲಿ ಕೋಡಿ ಎಂದರೆ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗ. ಕೆರೆಯ ಏರಿಗಿಂತ ಕೋಡಿಯ ಮಟ್ಟ ತುಸು ಕೆಳಗಿರುತ್ತದೆ. ಮಳೆ ಎಷ್ಟೇ ಬರಲಿ, ನೀರು ಆ ಮಟ್ಟ ದಾಟಿದೊಡನೆ ಕೋಡಿ ಬೀಳುತ್ತದೆ, ಏರಿ ಉಳಿಯುತ್ತದೆ. ಕೋಡಿ ನೀರನ್ನು ಕಡಿಮೆ ಮಾಡುವುದಿಲ್ಲ, ಮಟ್ಟಕ್ಕೊಂದು ಮೇಲ್ಮಿತಿ ಹಾಕುತ್ತದೆ. ಗಂಜ್ ಎಂದರೆ ಕೊಳವೆಗೆ ಕಟ್ಟಿದ ಕೋಡಿ.

ಇಂತಹ ಗೋಪುರದ ಮೂಲ ತತ್ತ್ವ ಹೀಗೆ. ನೆಲದಡಿಯಿಂದ ಬಂದ ಕೊಳವೆ ಗೋಪುರದಲ್ಲಿ ಮೇಲಕ್ಕೇರುತ್ತದೆ. ತುದಿಯಲ್ಲಿ ಗಾಳಿಗೆ ತೆರೆದುಕೊಂಡ ತೊಟ್ಟಿ. ನೀರು ತೊಟ್ಟಿಗೆ ಬಿದ್ದು ಅಲ್ಲಿಂದ ಇನ್ನೊಂದು ಕೊಳವೆಯಲ್ಲಿ ಇಳಿದು ಮುಂದೆ ಸಾಗುತ್ತದೆ. ತೊಟ್ಟಿಯಲ್ಲಿ ನೀರು ಗಾಳಿಗೆ ತೆರೆದಿರುವುದೇ ಮುಖ್ಯ. ಒತ್ತಡವನ್ನು ನಿರ್ಧರಿಸುವುದು ತೆರೆದ ಮೇಲ್ಮೈ ಎಂದೆವಲ್ಲವೆ? ಗೋಪುರದಿಂದ ಮುಂದಿನ ಕೊಳವೆಗೆ ಈಗ ತೆರೆದ ಮೇಲ್ಮೈ ಎಂದರೆ ದೂರದ ಕೆರೆಯದ್ದಲ್ಲ, ಈ ತೊಟ್ಟಿಯದ್ದು. ಕೆರೆ ಎಷ್ಟೇ ಎತ್ತರದಲ್ಲಿರಲಿ, ಮುಂದಿನ ಕೊಳವೆಗೆ ಅದರ ಅರಿವೇ ಇಲ್ಲ.

ಒಂದು ಉದಾಹರಣೆ. ಮೂಲದ ನೀರಿನ ಮಟ್ಟ ನಗರದ ಅತಿ ತಗ್ಗಿನ ಬಿಂದುವಿಗಿಂತ 20 ಮೀ. ಮೇಲಿದೆ ಎನ್ನಿ. ನಡುವೆ ಗೋಪುರವಿಲ್ಲದಿದ್ದರೆ, ನೀರು ನಿಂತಾಗ ತಗ್ಗಿನಲ್ಲಿ ಒತ್ತಡ 1.96 ಲಕ್ಷ ಪ್ಯಾಸ್ಕಲ್. ಈಗ ನಡುದಾರಿಯಲ್ಲಿ, ತಗ್ಗಿಗಿಂತ 2 ಮೀ. ಎತ್ತರದ ನೆಲದ ಮೇಲೆ, 8 ಮೀ. ಎತ್ತರದ ಗೋಪುರ ಕಟ್ಟೋಣ. ಅದರ ತೊಟ್ಟಿ ತಗ್ಗಿಗಿಂತ 10 ಮೀ. ಮೇಲಿದೆ. ಆದ್ದರಿಂದ ಅಲ್ಲಿಂದ ಮುಂದೆ ಒತ್ತಡ 98,000 ಪ್ಯಾಸ್ಕಲ್ ಮೀರುವಂತಿಲ್ಲ. ಅರ್ಧಕ್ಕೆ ಇಳಿಯಿತು. ಇಂತಹ ಇನ್ನೊಂದು ಗೋಪುರವನ್ನು ಮುಂದೆ ಕಟ್ಟಿದರೆ ಮತ್ತೂ ಇಳಿಸಬಹುದು. ಎತ್ತರದ ಒಂದೇ ಜಿಗಿತವನ್ನು ಹಲವು ಮೆಟ್ಟಿಲುಗಳಾಗಿ ಒಡೆದಂತೆ ಇದು.

ಉಳಿದ 10 ಮೀ. ಎತ್ತರದ ಶಕ್ತಿ ಎಲ್ಲಿ ಹೋಯಿತು? ಒಂದಷ್ಟು ಕೊಳವೆಯ ಘರ್ಷಣೆಯಲ್ಲಿ, ಒಂದಷ್ಟು ತೊಟ್ಟಿಯಲ್ಲಿ ನೀರು ಕದಡುವುದರಲ್ಲಿ ಕಳೆದು ಕೊನೆಗೆ ಉಷ್ಣವಾಗುತ್ತದೆ. ಒಂದು ಷರತ್ತೂ ಇದೆ. ತೊಟ್ಟಿಗೆ ಬರುವ ನೀರು ಮುಂದೆ ಹೋಗುವ ನೀರಿಗಿಂತ ಹೆಚ್ಚಾದರೆ ಅದಕ್ಕೊಂದು ಹೊರದಾರಿ ಬೇಕು. ಇಲ್ಲವೆ ತೊಟ್ಟಿ ಉಕ್ಕುತ್ತದೆ. ಆದ್ದರಿಂದ ಇಂತಹ ವ್ಯವಸ್ಥೆಗೆ ಹೊಂದುವುದು ನಮ್ಮ ನಲ್ಲಿಯಂತೆ ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚುವ ಕ್ರಮವಲ್ಲ. ನೀರು ಸದಾ ಹರಿಯುತ್ತ ಕೊಳಗಳಿಗೆ, ತೊಟ್ಟಿಗಳಿಗೆ ಸೇರುತ್ತಿರುವ ಕ್ರಮ.

ಆರಂಭದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ಊರಿನ ಓವರ್‌ಹೆಡ್ ಟ್ಯಾಂಕಿನಲ್ಲಿ ತೆರೆದ ಮೇಲ್ಮೈಯನ್ನು ನೆಲದಿಂದ ಮೇಲಕ್ಕೆ ಒಯ್ಯುತ್ತೇವೆ; ಒತ್ತಡ ಹೆಚ್ಚುತ್ತದೆ. ಗಂಜ್‌ನಲ್ಲಿ ತೆರೆದ ಮೇಲ್ಮೈಯನ್ನು ದೂರದ ಕೆರೆಯ ಮಟ್ಟದಿಂದ ಕೆಳಕ್ಕೆ ತರುತ್ತೇವೆ, ಒತ್ತಡ ತಗ್ಗುತ್ತದೆ. ಟ್ಯಾಂಕನ್ನು ನೆಲಕ್ಕೆ ಹೋಲಿಸಬೇಕು, ಗಂಜ್ ಅನ್ನು ಮೂಲದ ಮಟ್ಟಕ್ಕೆ ಹೋಲಿಸಬೇಕು. ನಿಯಮ ಒಂದೇ, ಹೋಲಿಕೆಯ ಬಿಂದು ಬೇರೆ. ಗಂಜ್ ಒತ್ತಡವನ್ನು ಸೊನ್ನೆ ಮಾಡುವುದೂ ಇಲ್ಲ. ಮುಂದಿನ ದಾರಿಗೆ, ಎತ್ತರದ ತೊಟ್ಟಿಗಳಿಗೆ ಏರಲು ಬೇಕಾದಷ್ಟನ್ನು ಉಳಿಸಿಕೊಂಡು ಹೆಚ್ಚಿನದನ್ನು ಬಿಟ್ಟುಬಿಡುತ್ತದೆ. ಗಂಜ್‌ಗಳ ಎತ್ತರ 25ರಿಂದ 40 ಅಡಿ, ಅಂದರೆ ಸುಮಾರು 7.5ರಿಂದ 12 ಮೀ.

ಅದುಮಿಟ್ಟ ಗಾಳಿ, ಅಪ್ಪಳಿಸುವ ನೀರು

ಕೊಳವೆಯಲ್ಲಿ ನಿಂತ ನೀರಿಗಿಂತ ಅಪಾಯಕಾರಿಯಾದದ್ದು ಹಠಾತ್ತನೆ ನಿಂತ ನೀರು. ಹರಿಯುವ ನೀರಿನ ದಾರಿ ಒಮ್ಮೆಲೇ ಮುಚ್ಚಿದರೆ ಅದರ ಸಂವೇಗವೆಲ್ಲ ಒಮ್ಮೆಗೇ ಒತ್ತಡವಾಗಿ ಬದಲಾಗಿ ಅಲೆಯಂತೆ ಹಿಂದಕ್ಕೆ ಓಡುತ್ತದೆ. ಇದೇ ಜಲಾಘಾತ. ಮನೆಯ ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಪೈಪಿನಲ್ಲಿ ಕೇಳುವ ಢಣ್ ಶಬ್ದಕ್ಕೆ ಇದೇ ಕಾರಣ. ರಷ್ಯಾದ ವಿಜ್ಞಾನಿ ಝುಕೋವ್‌ಸ್ಕಿ 19ನೆಯ ಶತಮಾನದ ಕೊನೆಯಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಇದರ ಸೂತ್ರ ಕೊಟ್ಟನು:

ಒತ್ತಡದ ಏರಿಕೆ = ಸಾಂದ್ರತೆ × ಅಲೆಯ ವೇಗ × ನೀರಿನ ವೇಗದಲ್ಲಾದ ಬದಲಾವಣೆ

ಗಡುಸಾದ ಕೊಳವೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1,000 ಮೀ. ಸೆಕೆಂಡಿಗೆ ಕೇವಲ ಅರ್ಧ ಮೀಟರ್ ವೇಗದಲ್ಲಿ ಹರಿಯುವ ನೀರು ಥಟ್ಟನೆ ನಿಂತರೆ ಒತ್ತಡದ ಏರಿಕೆ ಸುಮಾರು 5 ಲಕ್ಷ ಪ್ಯಾಸ್ಕಲ್. ಇದು 50 ಮೀ. ಎತ್ತರದ ನೀರಿನ ಕಂಬಕ್ಕೆ ಸಮ! ಮಣ್ಣಿನ ಕೊಳವೆಯ ಪಾಡು ಏನಾಗಬಹುದು, ಊಹಿಸಿ.

ತೆರೆದ ಗೋಪುರವಿದ್ದರೆ ಈ ಅಲೆ ಅಲ್ಲಿಗೆ ಬಂದೊಡನೆ ನೀರಿನ ಮಟ್ಟ ಸ್ವಲ್ಪ ಏರಿ ಇಳಿಯುತ್ತದೆ. ಅಲೆಯ ಆರ್ಭಟ ಮುಂದಕ್ಕೆ ಸಾಗುವುದಿಲ್ಲ. ಇಂದಿನ ಜಲವಿದ್ಯುತ್ ಯೋಜನೆಗಳಲ್ಲಿ ಉದ್ದನೆಯ ಸುರಂಗದ ತುದಿಯಲ್ಲಿ ಕಟ್ಟುವ ಸರ್ಜ್ ಟ್ಯಾಂಕ್ ಮಾಡುವುದೂ ಇದನ್ನೇ.

ಗಾಳಿಯ ತೊಂದರೆ ಇನ್ನೊಂದು. ಏರಿಳಿತವಿರುವ ಕೊಳವೆಯ ಎತ್ತರದ ಭಾಗಗಳಲ್ಲಿ ಗಾಳಿ ಸಿಕ್ಕಿಕೊಂಡರೆ ನೀರಿನ ಹರಿವು ಕುಂಠಿತವಾಗುತ್ತದೆ. ತೆರೆದ ಗೋಪುರಗಳು ಆ ಗಾಳಿಗೆ ಹೊರದಾರಿ.

ಹೂಳು ಕೆಳಗೆ, ತಿಳಿನೀರು ಮೇಲೆ

ನೀರಿನಲ್ಲಿ ಬಂದ ಹೂಳು ಗಂಜ್‌ಗಳ ತಳದಲ್ಲಿ ಉಳಿದು ತಿಳಿನೀರು ಮುಂದೆ ಹರಿಯುತ್ತಿತ್ತು ಎನ್ನುವುದೂ ಬರಹಗಳಲ್ಲಿದೆ. ಇದನ್ನೂ ಲೆಕ್ಕದಿಂದ ಪರೀಕ್ಷಿಸಬಹುದು. 15 ಸೆಂ.ಮೀ. ವ್ಯಾಸದ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.018 ಚದರ ಮೀ. ಅದು 1.5 ಮೀ. ಚೌಕದ ಕೋಣೆಗೆ ತೆರೆದುಕೊಂಡರೆ ವಿಸ್ತೀರ್ಣ 2.25 ಚದರ ಮೀ., ಅಂದರೆ ಸುಮಾರು 125 ಪಟ್ಟು. ಸೆಕೆಂಡಿಗೆ 50 ಸೆಂ.ಮೀ. ವೇಗದಲ್ಲಿ ಬಂದ ನೀರು ಕೋಣೆಯಲ್ಲಿ ಸೆಕೆಂಡಿಗೆ 0.4 ಸೆಂ.ಮೀ. ವೇಗದಲ್ಲಿ ನಿಧಾನವಾಗಿ ಮೇಲೇರುತ್ತದೆ.

ಸ್ಟೋಕ್ಸ್ ನಿಯಮದ ಪ್ರಕಾರ 0.1 ಮಿ.ಮೀ. ವ್ಯಾಸದ ಮರಳಿನ ಕಣ ನೀರಿನಲ್ಲಿ ಸೆಕೆಂಡಿಗೆ ಸುಮಾರು 0.9 ಸೆಂ.ಮೀ. ವೇಗದಲ್ಲಿ ಇಳಿಯುತ್ತದೆ. ಏರುವ ನೀರಿಗಿಂತ ಇಳಿಯುವ ಕಣದ ವೇಗ ಹೆಚ್ಚು. ಹಾಗಾಗಿ ಕಣ ತಳ ಸೇರುತ್ತದೆ. ಆದರೆ 0.02 ಮಿ.ಮೀ.ನ ಮೆಕ್ಕಲು ಕಣದ ವೇಗ ಇದರ 25ನೆಯ ಒಂದು ಭಾಗ ಮಾತ್ರ; ಅದು ನೀರಿನೊಡನೆ ಮೇಲೇರಿಬಿಡುತ್ತದೆ. ಗಂಜ್ ಮರಳನ್ನು ತಡೆಯಬಲ್ಲದು, ಜೇಡಿಯನ್ನಲ್ಲ. ಜೇಡಿ ಕೆಳಗೆ ಕೂರಲು ದಿನಗಟ್ಟಲೆ ನಿಂತ ನೀರು ಬೇಕು. ಆ ಕೆಲಸ ಕೆರೆಯದ್ದು.

ಬೇರೆ ನಾಡುಗಳಲ್ಲಿ

ಇಟಲಿಯ ಪೊಂಪೇ ನಗರದಲ್ಲಿಯೂ ಇಂತಹ ಗೋಪುರಗಳಿವೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹುದುಗಿದ ಆ ನಗರದ ಎತ್ತರದ ತುದಿಗೂ ತಗ್ಗಿನ ತುದಿಗೂ 30 ಮೀ.ಗಿಂತ ಹೆಚ್ಚು ವ್ಯತ್ಯಾಸ. ಬೀದಿಯ ಮೂಲೆಗಳಲ್ಲಿ ಸುಮಾರು 6 ಮೀ. ಎತ್ತರದ ಕಂಬಗಳನ್ನು ಕಟ್ಟಿ, ತುದಿಯಲ್ಲಿ ಸೀಸದ ತೊಟ್ಟಿಗಳನ್ನಿಟ್ಟು ರೋಮನ್ನರು ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ತುರ್ಕಿಯ ಇಸ್ತಾಂಬುಲ್‌ನಲ್ಲಿ ಆಟೊಮನ್ ಕಾಲದ ಇಂತಹ ಗೋಪುರಗಳಿಗೆ ಸು ತೆರಾಜಿ ಎಂದು ಹೆಸರು. ನೀರಿನ ತಕ್ಕಡಿ ಎಂದು ಇದರ ಅರ್ಥ. ಎಷ್ಟು ಸೊಗಸಾದ, ಎಷ್ಟು ನಿಖರವಾದ ಹೆಸರು!

ಇನ್ನೊಂದು ಸ್ವಾರಸ್ಯ. ಬೇಗಂ ತಲಾಬ್ ಕಟ್ಟಿದ್ದು 1651ರಲ್ಲಿ. ಅದೇ ಸುಮಾರಿಗೆ ಫ್ರಾನ್ಸಿನಲ್ಲಿ ಪ್ಯಾಸ್ಕಲ್ ದ್ರವಗಳ ಸಮತೋಲವನ್ನು ಕುರಿತ ತನ್ನ ಗ್ರಂಥವನ್ನು ಬರೆಯುತ್ತಿದ್ದನು. ಅದು ಪ್ರಕಟವಾದದ್ದು 1663ರಲ್ಲಿ, ಅವನ ಮರಣಾನಂತರ. ನಿಯಮವನ್ನು ಬರೆದಿಟ್ಟವನು ಅಲ್ಲಿ. ಅದೇ ನಿಯಮವನ್ನು ಗಾರೆ ಮತ್ತು ಮಣ್ಣಿನ ಕೊಳವೆಯಲ್ಲಿ ದುಡಿಸಿಕೊಂಡವರು ಇಲ್ಲಿ. ಆ ಕುಶಲಿಗಳಿಗೆ ಸೂತ್ರ ಗೊತ್ತಿರಬೇಕಿರಲಿಲ್ಲ. ಯಾವ ಎತ್ತರಕ್ಕೆ ಯಾವ ಕೊಳವೆ ತಾಳುತ್ತದೆ ಎಂಬ ಅನುಭವ ಸಾಕಿತ್ತು.

ಕೋಟೆಯೊಳಗಿನ ಬಾವಡಿಗಳು

ಕೊಳವೆಯ ನೀರು ನಿಂತುಹೋದರೆ? ಅದಕ್ಕೆಂದೇ ಕೋಟೆಯೊಳಗೆ ಬಾವಡಿಗಳು. ಚಾಂದ್ ಬಾವಡಿಯನ್ನು ಒಂದನೆಯ ಅಲಿ ಆದಿಲ್ ಶಾಹನು ರಾಣಿ ಚಾಂದ್ ಬೀಬಿಯ ಹೆಸರಿನಲ್ಲಿ 1579ರಲ್ಲಿ ಕಟ್ಟಿಸಿದನು. ತಾಜ್ ಬಾವಡಿಯನ್ನು ಎರಡನೆಯ ಇಬ್ರಾಹಿಂನ ಕಾಲದಲ್ಲಿ ಮಲಿಕ್ ಸಂದಲ್ 1620ರಲ್ಲಿ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ನಿರ್ಮಿಸಿದನು. ತಾಜ್ ಬಾವಡಿ 223 ಅಡಿ ಚೌಕ, 52 ಅಡಿ ಆಳ. ಅಂಚಿನವರೆಗೆ ತುಂಬಿದರೆ ಸುಮಾರು 7.3 ಕೋಟಿ ಲೀಟರ್. ಅಷ್ಟು ತುಂಬುವುದಿಲ್ಲವೆಂದು ಅರ್ಧವನ್ನೇ ಹಿಡಿದರೂ, ದಿನಕ್ಕೆ ತಲೆಗೆ 20 ಲೀಟರಿನಂತೆ 10,000 ಜನರಿಗೆ ಆರು ತಿಂಗಳು ಸಾಕು.

ಬಾವಡಿಯ ಆಕಾರವೂ ಅರ್ಥಪೂರ್ಣ. ಅಗಲವಾದ ಕೆರೆಗೆ ಹೋಲಿಸಿದರೆ, ಇದರಲ್ಲಿ ಸಂಗ್ರಹವಾದ ಪ್ರತಿ ಲೀಟರಿಗೆ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಬಹಳ ಕಡಿಮೆ. ಸುತ್ತಲಿನ ಎತ್ತರದ ಗೋಡೆ ನೆರಳು ಕೊಡುತ್ತದೆ, ಗಾಳಿಯನ್ನು ತಡೆಯುತ್ತದೆ. ಮೆಟ್ಟಿಲುಗಳಿರುವುದರಿಂದ ನೀರಿನ ಮಟ್ಟ ಎಷ್ಟೇ ಇಳಿದರೂ ಜನ ಅದನ್ನು ಮುಟ್ಟಬಲ್ಲರು.

ತರಗತಿಯಲ್ಲಿ ಮಾಡಿ ನೋಡಿ

ಬೇಕಾದ ಸಾಮಗ್ರಿ: ಎರಡು ಪ್ಲಾಸ್ಟಿಕ್ ಬಾಟಲಿ, ಎರಡು ಮೂರು ಮೀಟರ್ ಪಾರದರ್ಶಕ ಟ್ಯೂಬ್, ಹಳೆಯ ಬಾಲ್‌ಪೆನ್ನಿನ ಮೂತಿ, ಮೇಣ, ಬಕೆಟ್.

1. ಒಂದು ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ಹಿಡಿದು, ಬಾಯಿಗೆ ಟ್ಯೂಬ್ ಜೋಡಿಸಿ ಸುಮಾರು 1.5 ಮೀ. ಎತ್ತರದಲ್ಲಿಡಿ. ಟ್ಯೂಬಿನ ಇನ್ನೊಂದು ತುದಿಗೆ ಪೆನ್ನಿನ ಮೂತಿ ಜೋಡಿಸಿ ನೆಲದ ಹತ್ತಿರ ಮೇಲ್ಮುಖವಾಗಿ ಹಿಡಿಯಿರಿ. ಬಾಟಲಿಯನ್ನು ತುಂಬಿಸುತ್ತಲೇ ಇದ್ದು ಕಾರಂಜಿಯ ಎತ್ತರ ಅಳೆಯಿರಿ.

2. ಈಗ ಮೂತಿಯನ್ನು ತೆಗೆದು ಆ ಟ್ಯೂಬಿನ ತುದಿಯನ್ನು ಅರ್ಧ ಮೀ. ಎತ್ತರದಲ್ಲಿಟ್ಟ ಎರಡನೆಯ ಬಾಟಲಿಗೆ ಬಿಡಿ. ಇದರ ತಳವನ್ನೂ ಕತ್ತರಿಸಿ ತಲೆಕೆಳಗಾಗಿ ಇಟ್ಟಿರಬೇಕು. ಅಂಚಿನಿಂದ ತುಸು ಕೆಳಗೆ ಪಕ್ಕದಲ್ಲಿ ದೊಡ್ಡದೊಂದು ರಂಧ್ರ ಮಾಡಿ, ಅದೇ ಕೋಡಿ. ಈ ಬಾಟಲಿಯ ಬಾಯಿಯಿಂದ ಇನ್ನೊಂದು ಟ್ಯೂಬ್ ಇಳಿಸಿ ತುದಿಗೆ ಮೂತಿ ಜೋಡಿಸಿ. ಕೋಡಿ ಬೀಳುತ್ತಿರುವಾಗ ಕಾರಂಜಿಯ ಎತ್ತರ ಅಳೆಯಿರಿ.

3. ಮೇಲಿನ ಬಾಟಲಿಯನ್ನು ಇನ್ನಷ್ಟು ಎತ್ತರಿಸಿ. ಕಾರಂಜಿ ಬದಲಾಯಿತೆ? ಕೋಡಿಯಲ್ಲಿ ಏನು ಬದಲಾಯಿತು?

ಮೂರನೆಯ ಹಂತವೇ ಮುಖ್ಯ. ಕಾರಂಜಿ ಏರುವುದಿಲ್ಲ, ಕೋಡಿಯ ನೀರು ಮಾತ್ರ ಹೆಚ್ಚುತ್ತದೆ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಗಂಜ್ ಏನೆಂದು ಮತ್ತೆ ಹೇಳಬೇಕಾಗಿಲ್ಲ.

ಗೋಪುರವೇ ದಾಖಲೆ

1686ರಲ್ಲಿ ಔರಂಗಜೇಬನ ಸೇನೆಗೆ ನಗರ ಶರಣಾಯಿತು. ರಾಜಧಾನಿಯ ಪಟ್ಟ ಹೋದ ಮೇಲೆ ಜನ ಚದುರಿದರು. ಹೂಳು ತೆಗೆಯುವವರಿಲ್ಲದೆ, ಜೋಡಣೆ ಸರಿಪಡಿಸುವವರಿಲ್ಲದೆ ನೀರಿನ ವ್ಯವಸ್ಥೆ ಹಾಳಾಯಿತು. ಇಂತಹ ಏರ್ಪಾಟುಗಳ ಸ್ವಭಾವವೇ ಹಾಗೆ. ಅವು ನಡೆಯುವುದು ಗುರುತ್ವದಿಂದ, ಉಳಿಯುವುದು ದಿನನಿತ್ಯದ ಉಸ್ತುವಾರಿಯಿಂದ. ಇಂದು ನಗರಕ್ಕೆ ಕೃಷ್ಣಾ ನದಿಯ ನೀರು ಪಂಪುಗಳ ಬಲದಿಂದ ಬರುತ್ತದೆ. ಕಳೆದ ದಶಕದಲ್ಲಿ ತಾಜ್ ಬಾವಡಿ ಮೊದಲಾದವುಗಳ ಹೂಳೆತ್ತಲಾಯಿತು. ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ನೀರಿನ ವ್ಯವಸ್ಥೆಗಳು ವಿಶ್ವ ಸ್ಮಾರಕ ನಿಧಿಯ 2020ರ ಗಮನಪಟ್ಟಿಯಲ್ಲಿ ಸೇರಿದವು. ಇವು ಒಳ್ಳೆಯ ಬೆಳವಣಿಗೆಗಳು.

ಗಂಜ್‌ಗಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಗೋಪುರದ ತೊಟ್ಟಿಯ ಮಟ್ಟ ಎಂದರೆ ಆ ಸ್ಥಳದಲ್ಲಿ ನೀರು ಏರುತ್ತಿದ್ದ ಮಟ್ಟ. ಒಂದು ಸಾಲಿನ ಗಂಜ್‌ಗಳ ತುದಿಗಳನ್ನು ನಕ್ಷೆಯ ಮೇಲೆ ಕೂಡಿಸಿದರೆ ಸಿಗುವುದು ಆ ಕೊಳವೆಸಾಲಿನ ಒತ್ತಡರೇಖೆ. ಅದರಿಂದ ಘರ್ಷಣೆಯ ನಷ್ಟ ಎಷ್ಟು, ಪ್ರತಿ ಗೋಪುರದಲ್ಲಿ ಎಷ್ಟು ಒತ್ತಡ ಇಳಿಸಿದರು ಎಂಬುದನ್ನು ಅಂದಾಜು ಮಾಡಬಹುದು. ಕೊಳವೆಗಳು ನೆಲದಡಿ ಒಡೆದು ಹೋಗಿರಬಹುದು; ಗೋಪುರ ನಿಂತಿರುವವರೆಗೆ ಅಳತೆ ಉಳಿದಿರುತ್ತದೆ. ಒಂದು ಗಂಜ್ ಉರುಳಿದರೆ ಹೋಗುವುದು ಹಳೆಯ ಕಲ್ಲುಗಳ ರಾಶಿಯಷ್ಟೇ ಅಲ್ಲ. ಮತ್ತೆ ಎಲ್ಲಿಯೂ ಸಿಗದ ಒಂದು ಅಂಕಿ.

ಇದು ಪ್ರೌಢಶಾಲೆ ಮತ್ತು ಕಾಲೇಜು ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಯೋಜನೆ. ಕೋನಮಾಪಕ ಮತ್ತು ಅಳತೆಪಟ್ಟಿಯಿಂದ ಗೋಪುರದ ಎತ್ತರ, ಉದ್ದನೆಯ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಗಾರೆ ಕೆಲಸದವರು ಮಟ್ಟ ನೋಡುವ ವಿಧಾನದಿಂದ ನೆಲದ ಮಟ್ಟ, ಇವೆರಡನ್ನು ಪಡೆದರೆ ಆಯಿತು. ಆ ಕೊಳವೆಯ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವುದಕ್ಕೆ ಕಾರಣವಾದ ನಿಯಮವೇ ಗಂಜ್‌ಗಳನ್ನೂ ಕಟ್ಟಿಸಿದ್ದು. ಮುಂದಿನ ಪ್ರವಾಸದಲ್ಲಿ ಗೋಳಗುಮ್ಮಟದ ಪ್ರತಿಧ್ವನಿಯನ್ನು ಕೇಳಿದ ಮೇಲೆ ಮಕ್ಕಳನ್ನು ಒಂದು ಗಂಜ್‌ನ ಬುಡಕ್ಕೂ ಕರೆದೊಯ್ಯಿರಿ. ಎತ್ತರ ಅಳೆಯಲಿ.